ಟೆಸ್ಟರ್‌ನ ಕೆಂಪು ದೀಪ

ಇಂದು ಕೂಲರ್‌ನ ಒದ್ದೆ ಹುಲ್ಲಿನ ವಾಸನೆ ಬಂದೊಡನೆ ಶಹಾಪುರದ ನಮ್ಮ ಹಳೆಯ ಮನೆ ನೆನಪಾಯಿತು. ಒಮ್ಮೆ ನೆಲ ಒರೆಸುವಾಗ ಅಲ್ಲಿಯ ತಗಡಿನ ಕೂಲರ್ ತಾಗಿ ಅವ್ವನ ಕೈಗೆ ಚುರುಕ್ಕೆಂದು ಶಾಕ್ ಹೊಡೆಯಿತು.

ಅಪ್ಪ ಕೈಗೆ ಟವೆಲ್ ಸುತ್ತಿಕೊಂಡು ಅದಕ್ಕೆ ಟೆಸ್ಟರ್ ಹಚ್ಚಿದರು. ಟೆಸ್ಟರ್‌ನೊಳಗಿನ ಪುಟ್ಟ ದೀಪ ಹೊತ್ತಲಿಲ್ಲ.

"ಕರೆಂಟೇ ಇಲ್ಲ. ನಿನಗ ಬರೇ ಅಂಜಿಕಿ."

"ಅಂಜಿ ಟವೆಲ್ ಸುತ್ತಿದವರು ಯಾರ್ರಿ? ಟೆಸ್ಟರ್ ಹಿಂದಿನ ತುದಿಗೆ ಬೆರಳು ಮುಟ್ಟಸ್ರಿ. ನಿಮ್ಮ ಮೈಯಾಗ ಒಂಚೂರು ಕರೆಂಟ್ ಹರಿದ್ರನ ದೀಪ ಹತ್ತತದ," ಎಂದಳು ಅವ್ವ.

ಅಪ್ಪ ಟವೆಲ್ ಬಿಚ್ಚಿ, ಹಿಂದಿನ ಲೋಹದ ತುದಿಗೆ ಹೆಬ್ಬೆರಳಿಟ್ಟರು. ದೀಪ ಕೆಂಪಗೆ ಹೊತ್ತಿತು. ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ಅವರು ಪ್ಲಗ್ ಕಿತ್ತು, ಮಧ್ಯಾಹ್ನವೆಲ್ಲ ಅವ್ವನಿಗೆ ಬೀಸಣಿಗೆ ಬೀಸಿದರು.

ಈಗ ನನ್ನ ಮನೆಯಲ್ಲಿ ಯಾರಾದರೂ ಶಾಕ್ ಹೊಡೆಯಿತೆಂದರೆ ಮೊದಲು ಪ್ಲಗ್ ಕೀಳುತ್ತೇವೆ. ಟೆಸ್ಟರ್ ಹುಡುಕುವುದು ಆಮೇಲೆ.