ಸೀದಾ ಮನಿಗಿ

ಹೋದ ವಾರ ಶಹಾಪುರದ ಬಸ್ ನಿಲ್ದಾಣದಲ್ಲಿ ಯಾದಗಿರಿ ಬಸ್ಸಿಗೆ ಕಾಯುತ್ತಿದ್ದೆ. ಅಂಗಡಿ ಅಂಗಡಿಗೂ ಲೋಬಾನದ ಹೊಗೆ ಹಿಡಿಯುತ್ತ ಒಬ್ಬ ಮುದುಕ ಬಂದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಮುದುಕನ ಮೇಲಲ್ಲ. ಹತ್ತು ವರ್ಷದ ಹಿಂದೆ ಲೋಬಾನದ ಪುಡಿಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಇದೇ ನಿಲ್ದಾಣದಲ್ಲಿ ಮೂರು ತಾಸು ನನ್ನನ್ನು ಕೂರಿಸಿದ್ದ ನನ್ನ ಸೋದರತ್ತೆಯ ಮೇಲೆ...

ಅಪ್ಪನ ಅಕ್ಕ ಅವಳು. ಊರು ರಾಮಸಮುದ್ರ. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ದಿನದಿನಕ್ಕೆ ಮಸುಕಾಗುತ್ತಿತ್ತು. ಕಲಬುರಗಿಯ ಡಾಕ್ಟರು ನರ ಒಣಗಿದೆ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು. ಬೇಡ ಎಂದರೆ ಕೇಳುವವಳೇ ಅವಳು? ಕೊಡೇಕಲ್ಲಿಗೆ ಹೋಗಿ ದೇವರನ್ನೇ ಕೇಳುತ್ತೇನೆಂದು ಹಟ ಹಿಡಿದಳು. ಅವಳ ಮಗನಿಗೆ ರಜೆ ಸಿಗಲಿಲ್ಲ. ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಸಿಕ್ಕಿತು. ನನ್ನ ಗ್ರಹಚಾರ.

ಹೋಗುವಾಗ ಏನೂ ತೊಂದರೆಯಾಗಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಬೇಕು. ನನ್ನಪ್ಪ ಚಿಕ್ಕವನಿದ್ದಾಗ ಎಮ್ಮೆಯ ಬಾಲ ಹಿಡಿದು ಹಳ್ಳ ದಾಟಲು ಹೋಗಿ, ಎಮ್ಮೆ ನಡುನೀರಿನಲ್ಲಿ ಮಲಗಿಬಿಟ್ಟ ಕಥೆ ಹೇಳಿ ಹಿಂದಿನ ಸೀಟಿನವರನ್ನೂ ನಗಿಸಿದಳು. ಗುಡಿಯ ಗೋಡೆಯ ಕಲ್ಲುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ದೇವರ ಮುಂದೆ ಕೂತು, ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ ತಾಸುಗಟ್ಟಲೆ ಮಾತಾಡಿದಳು. ಅಲ್ಲಿ ಪ್ರಸಾದವೆಂದು ಕೊಟ್ಟ ಲೋಬಾನದ ಪುಡಿಕೆಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಕಂಡದ್ದು ಅದೇ ಮೊದಲು.

ತೊಂದರೆ ಶುರುವಾದದ್ದು ಮರುದಿನ, ವಾಪಸು ಹೊರಟಾಗ. ಬಸ್ಸು ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡಳು.

"ತಮ್ಮಾ, ದೇವರಿಗಿ ಹೋಗಿ ಬಂದವ್ರು ಸೀದಾ ತಮ್ಮ ಮನಿಗಿ ಹೋಗಬೇಕು. ನಡುವ ಯಾರ ಹೊಸ್ತಿಲಾನೂ ದಾಟಬಾರದು. ದಾಟಿದ್ರ ಪಡಕೊಂಡಿದ್ದೆಲ್ಲ ಆ ಮನಿಗೇ ಹೋಗ್ತದ. ನನಗರ ಕಣ್ಣು ಕಾಣಂಗಿಲ್ಲ. ನೀನೇ ನೋಡಿ ಕರಕೊಂಡು ಹೋಗು."

ಆಗಲಿ ಎಂದೆ. ಅನ್ನಲಿಕ್ಕೇನು, ಅಂದುಬಿಟ್ಟೆ.

ಸುರಪುರದಲ್ಲಿ ನನ್ನ ತಂಗಿಯ ಮನೆ. ಬೆಳಿಗ್ಗೆಯಿಂದ ಹೋಳಿಗೆ ಮಾಡಿಕೊಂಡು ಕಾಯುತ್ತಿದ್ದಳು. ಅತ್ತೆ ನಿಲ್ದಾಣ ಬಿಟ್ಟು ಕದಲಲಿಲ್ಲ. ಕೊನೆಗೆ ತಂಗಿಯೇ ಡಬ್ಬಿ ಹೊತ್ತುಕೊಂಡು ಬಂದಳು. "ನಮ್ಮನ್ಯಾಗ ಏನ್ ಮುಳ್ಳು ಹಾಸೀವೇನತ್ತಿ?" ಎಂದು ಮುಖ ಉಬ್ಬಿಸಿಕೊಂಡೇ ಬಡಿಸಿದಳು. ಅತ್ತೆ ಮೂರು ಹೋಳಿಗೆ ತಿಂದಳು, ಜಾಗ ಮಾತ್ರ ಬಿಡಲಿಲ್ಲ.

ಶಹಾಪುರದಲ್ಲಿ ಬಸ್ಸು ಕೆಟ್ಟಿತು. ಬಿಸಿಲೆಂದರೆ ಬಿಸಿಲು. ಹತ್ತಿರದಲ್ಲೇ ನನ್ನ ಗೆಳೆಯನ ಮನೆ, ಫ್ಯಾನಿನ ಕೆಳಗೆ ಕೂರಬಹುದಿತ್ತು. ಬೇಡ. ಹೋಟೆಲಿಗಾದರೂ ಹೋಗೋಣವೇ? ಹೋಟೆಲು ನಡೆಯುತ್ತದಂತೆ, ಅಲ್ಲಿ ಯಾರೂ ಸಂಸಾರ ಮಾಡುವುದಿಲ್ಲವಲ್ಲ. ಬಾಗಿಲಿಗೆ ಹೋದೆವು. ಮಾಲೀಕನ ಸಂಸಾರ ಹಿಂದಿನ ಕೋಣೆಯಲ್ಲೇ ಇದೆಯೆಂದು ಗೊತ್ತಾದದ್ದೇ, ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು. ಈ ಕಾಯ್ದೆ ಮಾಡಿದವರು ಯಾರೋ, ಕೈಗೆ ಸಿಕ್ಕಿದ್ದರೆ ಅಂದೇ ವಿಚಾರಿಸಿಕೊಳ್ಳುತ್ತಿದ್ದೆ. ಬೇರೆ ಬಸ್ಸು ಸಿಕ್ಕ ಮೇಲೆ ಇನ್ನೊಂದು ಶುರುವಾಯಿತು. ಬಸ್ಸು ನಿಂತ ನಿಂತಲ್ಲಿ "ಯಾ ಊರು ಬಂತೋ ತಮ್ಮಾ?" ಹತ್ತು ಸಲ ಹೇಳಿದೆ. ಹನ್ನೊಂದನೆಯ ಸಲ ಕೇಳಿಸದವನಂತೆ ಕೂತೆ.

ನನ್ನ ಅವಸರಕ್ಕೆ ಕಾರಣವಿತ್ತು. ಎರಡು ಸಲ ಗರ್ಭ ನಿಲ್ಲದೆ ಹೋಗಿ, ಹೆಂಡತಿಗೆ ಆಗ ಮತ್ತೆ ಮೂರು ತಿಂಗಳು. ಹಾಸಿಗೆ ಬಿಟ್ಟು ಏಳಬಾರದೆಂದು ಹೇಳಿದ್ದರು. ನಾನು ಮಧ್ಯಾಹ್ನದೊಳಗೆ ಬರುತ್ತೇನೆಂದು ನಂಬಿ ಅವಳ ತಾಯಿ ಬೆಳಿಗ್ಗೆಯೇ ಊರಿಗೆ ಹೋಗಿದ್ದರು. ಶಹಾಪುರ ಬಿಟ್ಟಾಗಿನಿಂದ ಹೆಂಡತಿಯ ಫೋನು ಹತ್ತುತ್ತಲೇ ಇರಲಿಲ್ಲ.

ಯಾದಗಿರಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅತ್ತೆಯನ್ನು ರಾಮಸಮುದ್ರದಲ್ಲಿ ಬಿಟ್ಟು ಮರಳಲು ಇನ್ನೂ ಒಂದು ತಾಸಾದರೂ ಬೇಕು. ಮೊದಲು ನಮ್ಮ ಮನೆಗೆ ಹೋಗೋಣವೆಂದು ಬಾಯಿಬಿಟ್ಟು ಹೇಳಿದ್ದರೆ ಅತ್ತೆ ಒಪ್ಪುತ್ತಿದ್ದಳು, ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾನು ಕೇಳಲೇ ಇಲ್ಲ. ಮತ್ತೆ ಅದೇ ಹೊಸ್ತಿಲಿನ ಪುರಾಣ ಕೇಳುವ ತಾಳ್ಮೆ ನನ್ನಲ್ಲಿರಲಿಲ್ಲ. ಆಟೋದವನಿಗೆ ಮೆಲ್ಲಗೆ ನಮ್ಮ ಓಣಿಯ ಗುರುತು ಹೇಳಿದೆ. ಅತ್ತೆ ತೂಕಡಿಸುತ್ತಿದ್ದಳು. ಆಟೋ ನಿಂತಾಗ ಕಣ್ಣುಜ್ಜಿಕೊಂಡು, "ಬಂತೇನೋ?" ಎಂದಳು.

"ಬಂತು. ನಿಮ್ಮನಿ ಬಂತು, ಇಳಿ," ಎಂದೆ.

ಕೈ ಹಿಡಿದು ಕರೆದುಕೊಂಡು ಹೋದೆ. ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಅವಳ ಕೈ ಬಿಟ್ಟು ನಾನು ಒಳಗೆ ಓಡಿದೆ. ಹೆಂಡತಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಫೋನಿನಲ್ಲಿ ಚಾರ್ಜು ಇರಲಿಲ್ಲ, ಅಷ್ಟೇ.

ಹೊರಗೆ ಬಂದೆ. ಅತ್ತೆ ಬಾಗಿಲ ಚೌಕಟ್ಟಿನ ಮೇಲೆ ಕೈಯಾಡಿಸುತ್ತ ಅಲ್ಲೇ ನಿಂತಿದ್ದಳು.

"ಇದು ನಮ್ಮ ಬಾಗಲಾ ಅಲ್ಲ," ಎಂದಳು.

ನಾನು ಅವಳ ಚೀಲವನ್ನು ಗೋಡೆಗೆ ಒರಗಿಸಿಟ್ಟೆ.

"ಆಕಿ ಆರಾಮ ಅದಾಳೇನು?"

"ಅದಾಳತ್ತಿ."

ಬೈಯುತ್ತಾಳೆಂದು ಕಾದೆ, ಬೈದರೆ ತಿರುಗಿ ಬೈಯಲು ನನ್ನ ಬಳಿ ಇಡೀ ದಿನದ ಸಾಮಾನಿತ್ತು. ಬೈಯಲಿಲ್ಲ. ಹೆಂಡತಿ ಮಲಗಿದ್ದಲ್ಲಿಗೆ ಹೋಗಿ, ಸೆರಗಿನ ಗಂಟು ಬಿಚ್ಚಿ, ಲೋಬಾನದ ಪುಡಿಕೆಯನ್ನು ಅವಳ ಕೈಯಲ್ಲಿಟ್ಟಳು. "ಇನ್ನ ಇದು ನಿಮ್ಮನಿದು. ನೆಟ್ಟಗ ಉಳಿಸ್ಕೋರಿ," ಎಂದಳು. ಆಗಷ್ಟೇ ಎಚ್ಚರವಾದ ಹೆಂಡತಿ, ಪಾಪ, ಏನೂ ತಿಳಿಯದೆ ಕಣ್ಣಿಗೊತ್ತಿಕೊಂಡಳು.

ದಿನ ತುಂಬಿ ಮಗಳು ಹುಟ್ಟಿದಳು. ಮುಂದಿನ ದೀಪಾವಳಿಯ ಹೊತ್ತಿಗೆ ಅತ್ತೆಯ ಇನ್ನೊಂದು ಕಣ್ಣೂ ಹೋಯಿತು. ಹೇಗಿದ್ದರೂ ಹೋಗುತ್ತಿತ್ತು, ಡಾಕ್ಟರು ಮೊದಲೇ ಹೇಳಿದ್ದರು. ಪುಣ್ಯ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆಂದು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಅವಳು ನಂಬಿದ್ದಳಲ್ಲ... ಮತ್ತೊಮ್ಮೆ ಕರೆದುಕೊಂಡು ಹೋಗುತ್ತೇನೆ ಬಾ ಎಂದು ಎಷ್ಟು ಗೋಗರೆದೆ. "ಒಮ್ಮಿ ಕೇಳಿದ್ದು ಕೇಳಿದಂಗ. ಮತ್ತ ಮತ್ತ ಕೇಳಿದ್ರ ದೇವರಿಗೂ ಬ್ಯಾಸರ ಆಗಂಗಿಲ್ಲೇನು?" ಎಂದು ನಕ್ಕುಬಿಟ್ಟಳು.

ಎರಡು ವರ್ಷದ ಹಿಂದೆ ತೀರಿಕೊಂಡಳು. ಮಣ್ಣು ಮುಗಿಸಿ ಅಂಗಳದಲ್ಲಿ ಕೂತಿದ್ದಾಗ ಅವಳ ಸೊಸೆ ಎಲ್ಲರ ಮುಂದೆ ಹೇಳಿದಳು: "ಕೊಡೇಕಲ್ಲಿಂದ ಬಂದಾಗ ನಮ್ಮತ್ತಿ ಸೀದಾ ಇಲ್ಲಿಗಿ ಬರಲಿಲ್ರಿ. 'ಆ ಹುಡುಗಿ ಒಬ್ಬಾಕಿ ಅದಾಳ, ಮೊದಲ ನಿಮ್ಮನಿಗಿ ನಡಿ ಅಂತ ನಾನೇ ಹೇಳ್ದೆ' ಅಂತಿದ್ರು. ಕಣ್ಣು ಹೋದ್ರೂ ಒಂದಿನ ಮರುಗಲಿಲ್ಲ." ಪಕ್ಕದಲ್ಲಿದ್ದ ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ನೆಲ ನೋಡುತ್ತ ಕೂತೆ.

ಹೋದ ವಾರ ಶಹಾಪುರದಿಂದ ಬರುವಾಗ, ಇವತ್ತು ಹೆಂಡತಿಗೆ ಹೇಳಿಯೇ ಬಿಡಬೇಕೆಂದು ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಮನೆಗೆ ಬಂದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಮಗಳು ಪಕ್ಕದಲ್ಲಿ ಕೂತು ಹಿಟ್ಟು ಮೆತ್ತಿಕೊಳ್ಳುತ್ತಿದ್ದಳು. ಬಾಯಿ ಬರಲಿಲ್ಲ. ನಾನು ನಿಜ ಹೇಳಿದರೆ ಅತ್ತೆ ಹತ್ತು ಜನರ ಮುಂದೆ ಸುಳ್ಳು ಹೇಳಿದವಳಾಗುತ್ತಾಳೆ. ಎಂಥ ಇಕ್ಕಟ್ಟಿನಲ್ಲಿ ಸಿಕ್ಕಿಸಿ ಹೋದಳು ನೋಡಿ. ಅಂದೇ ನಾಲ್ಕು ಮಾತು ಬೈದಿದ್ದರೆ ಆಗುತ್ತಿರಲಿಲ್ಲವೇ... ನಾನೂ ಅಂದೇ ತಪ್ಪಾಯಿತು ಎಂದುಬಿಡುತ್ತಿದ್ದೆ. ಈಗ ಅನ್ನಬೇಕೆಂದರೆ ಅತ್ತೆ ಇಲ್ಲ.