ಜಾಳಿಗೆಯ ಮೇಲಿನ ಗಂಧ

ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯುವಾಗ ಏಳುವ ಪರಿಮಳ ನನ್ನಂಥವನಿಗೆ ಚಿತ್ತಶಾಂತಿಯನ್ನು ಕೊಡಬೇಕು. ಬಾಲ್ಯದಿಂದ ಅದು ಕೊಟ್ಟದ್ದೂ ಹೌದು. ಈಚಿನ ಹತ್ತು ಹನ್ನೆರಡು ವರ್ಷಗಳಿಂದ ಮಾತ್ರ, ಖಂಡೇನವಮಿಯ ಬೆಳಿಗ್ಗೆ, ಆ ಪರಿಮಳದ ಬೆನ್ನಿಗೇ ಕೊಳೆತ ಕೆಸರಿನ ನಾತವೊಂದು ನೆನಪಿನಿಂದೆದ್ದು ಬರುತ್ತದೆ... ಅದರ ಹಿಂದೆ ಒಬ್ಬರ ಮುಖ.

ಮರಾಠಿ ಸೀಮೆಯ ಭೋಸರಿಯಲ್ಲಿ ಲೋಹದ ಬಿಡಿಭಾಗಗಳಿಗೆ ಲೇಪನ ಹಾಕುವ ಕಾರ್ಖಾನೆಯೊಂದರಲ್ಲಿ ನಾನು ಉಗ್ರಾಣದ ಮೇಲ್ವಿಚಾರಕನಾಗಿದ್ದೆ. ಧಾರವಾಡದ ಕಡೆಯವನು, ಮಂತ್ರ ಬಲ್ಲವನು ಎಂದು ಎಲ್ಲರೂ ನನ್ನನ್ನು ರಾಯರೆಂದೇ ಕರೆಯುತ್ತಿದ್ದರು. ಆಯುಧಪೂಜೆಯೂ ನನ್ನ ಪಾಲಿಗೇ ಬಂದಿತ್ತು. ನೆನಪಿಗೆ ಬರುವ ಆ ಮುಖ ಅಲ್ಲಿಯ ಸುರಕ್ಷಾ ಅಧಿಕಾರಿಯದು; ಅವರು ಬಾಗಲಕೋಟೆಯ ಕಡೆಯವರು. ದುಡಿಯಲು ಬಂದವರು ಇಡಿಯಾಗಿ ಮನೆಗೆ ಮರಳಬೇಕು, ಕಾರ್ಖಾನೆಯ ಹೊಲಸು ನೀರು ಶುದ್ಧಿಯಾಗದೆ ನಾಲೆಗೆ ಬೀಳಬಾರದು: ಈ ಎರಡು ಭಾರಗಳು ಅವರ ಹೆಗಲ ಮೇಲಿದ್ದವು. ಕೆಲಸಗಾರರ ಬಾಯಲ್ಲಿ ಅವರು ‘ಸೇಫ್ಟಿ ಸಾಹೇಬರು’. “ಸಾಹೇಬ್ರು ಮದುವಿ ಊಟಕ್ಕೂ ಹೆಲ್ಮೆಟ್ ಹಾಕ್ಕೊಂಡ ಹೋಗತಾರ” ಎಂದು ನಗುತ್ತಿದ್ದರು. ಅವರು ಮಂಗಳಾರತಿಗೆ ಬಂದು ನಿಂತದ್ದನ್ನು ನಾನು ಕಂಡಿರಲಿಲ್ಲ. ಶ್ರದ್ಧೆ ಇಲ್ಲದ ಮನುಷ್ಯ ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿದ್ದೆ.

ಅವರ ಬಳಿ ಅಂಗೈಯಗಲದ ಒಂದು ಹಳದಿ ಮೀಟರು ಇತ್ತು. ಗುಂಡಿ, ಟಾಕಿಗಳೊಳಗೆ ಮನುಷ್ಯರು ಇಳಿಯುವ ಮುನ್ನ ಅಲ್ಲಿಯ ಗಾಳಿಯನ್ನು ಪರೀಕ್ಷಿಸುವ ಯಂತ್ರ ಅದು, ವಿಷಾನಿಲವಿದ್ದರೆ ಚೀರುತ್ತದೆ. ಪ್ರತಿ ಬಾರಿಯೂ ಅವರು ಚೀಲದಿಂದ ಸಣ್ಣ ಡಬ್ಬಿಯೊಂದನ್ನು ತೆಗೆದು, ಅದರೊಳಗಿನ ಪರೀಕ್ಷಾ ಅನಿಲವನ್ನು ಮೀಟರಿನ ಮುಖಕ್ಕೆ ಒಮ್ಮೆ ಊದಿ, ಅದು ಚೀರಿದ ಮೇಲೆಯೇ ಮುಂದಿನ ಮಾತಾಡುತ್ತಿದ್ದರು. ಅವರು ಇಲ್ಲದಾಗ ಪರೀಕ್ಷಿಸುವ ಅಧಿಕಾರ ನನಗಿತ್ತು; ಅವರೇ ಕಲಿಸಿದ್ದರು. “ಮೊದಲ ಇದು ಬದುಕೇದೋ ಇಲ್ಲೋ ನೋಡ್ರಿ ರಾಯರ. ಆಮ್ಯಾಲೆ ಇದನ್ನ ನಂಬ್ರಿ.”

ಆ ವರ್ಷದ ನವಮಿಯಂದು ಅವರು ಚಾಕಣದ ಇನ್ನೊಂದು ಘಟಕಕ್ಕೆ ಹೋಗಿದ್ದರು. ಹೊರದೇಶಕ್ಕೆ ಹೋಗುವ ಮಾಲಿನ ಅವಸರವಿದ್ದುದರಿಂದ ದೊಡ್ಡ ಯಂತ್ರಗಳು ಚೆಂಡುಹೂವಿನ ಮಾಲೆ ಹಾಕಿಸಿಕೊಂಡೇ ಓಡುತ್ತಿದ್ದವು. ಸುತ್ತಿಗೆ, ಪಾನಾ, ಕೊರೆಯುವ ಯಂತ್ರಗಳನ್ನೆಲ್ಲ ದೇವಿಯ ಪಟದ ಮುಂದೆ ಜೋಡಿಸಿದೆ. ಪ್ರಾಣ ಕಾಯುವುದೂ ಆಯುಧವೇ ಅಲ್ಲವೇ ಎಂದು ಕಪಾಟಿನಿಂದ ಆ ಮೀಟರನ್ನೂ ತಂದಿಟ್ಟೆ. ಅನಾಮಿಕೆಯಿಂದ ಎಲ್ಲಕ್ಕೂ ಗಂಧ ಹಚ್ಚುತ್ತ ಬಂದೆ. ಗುಂಡಿಯ ಕೆಲಸ ಮಾಡುತ್ತಿದ್ದ ಯಾದಗಿರಿ ಕಡೆಯ ಅಣ್ಣತಮ್ಮಂದಿರಲ್ಲಿ ಹಿರಿಯವನು ಹೆಲ್ಮೆಟ್ ಹಾಕಿದ್ದ ತಲೆಯನ್ನೇ ಮುಂದೆ ಒಡ್ಡಿದ.

“ರಾಯರ, ಈ ಟೊಪ್ಪಿಗಿಗೂ ಒಂದು ಬೊಟ್ಟು ಇಡ್ರಿ. ನಮ್ಮನ್ನ ಕಾಯೂದು ಇದ ಅಲ್ಲೇನ್ರಿ?”

ಇಟ್ಟೆ.

ಮಧ್ಯಾಹ್ನದ ಹೊತ್ತಿಗೆ ಹೊಲಸು ನೀರಿನ ಗುಂಡಿಯ ಪಂಪು ಕೆಸರು ಕಚ್ಚಿ ನಿಂತಿತು. ಯಾರಾದರೂ ಒಳಗಿಳಿದು ಕೆಸರು ಬಿಡಿಸಬೇಕಿತ್ತು; ನೀರು ಏರತೊಡಗಿತು. ಅಂಚು ದಾಟಿದರೆ ನಾಲೆ. ನಾಲೆಯ ಮುಂದೆ ಇಂದ್ರಾಯಣಿ. ಯಾವ ನದಿಯ ನೀರನ್ನು ನಾನು ಆಳಂದಿ ಕ್ಷೇತ್ರದಲ್ಲಿ ತಲೆಗೆ ಪ್ರೋಕ್ಷಿಸಿಕೊಳ್ಳುತ್ತಿದ್ದೆನೋ ಅದೇ ನದಿ. ಮ್ಯಾನೇಜರರು ಗಡಿಯಾರ ನೋಡುತ್ತ, “ಲವಕರ ಕರಾ ರಾವ್, ಕಂಟೇನರ್ ಥಾಂಬಣಾರ್ ನಾಹೀ” ಎಂದು ನನ್ನ ಬೆನ್ನು ಹತ್ತಿದರು. ಬೇಗ ಮಾಡಿ, ಮಾಲಿನ ಬಂಡಿ ಕಾಯುವುದಿಲ್ಲ ಎಂಬುದು ಅವರ ಅವಸರ. ನದಿ ಕೆಡಬಾರದೆಂಬುದು ನನ್ನದು. ಪೂಜೆಗೆ ಕುಳಿತ ಆಯುಧವನ್ನು ದಶಮಿಯ ಮಂಗಳಾರತಿಯವರೆಗೆ ಕದಲಿಸಬಾರದು. ಆ ಒಂದು ಅಪಚಾರಕ್ಕಾಗಿ ದೇವಿಯಲ್ಲಿ ಕ್ಷಮೆ ಬೇಡಿ ಮೀಟರನ್ನು ಎತ್ತಿಕೊಂಡೆ. ಡಬ್ಬಿ ಅವರ ಚೀಲದಲ್ಲಿ ಹೋಗಿತ್ತು. ಕಪಾಟಿನಲ್ಲಿ ಇನ್ನೊಂದಿತ್ತು... ನಾನು ತೆರೆಯಲಿಲ್ಲ. ಹಗ್ಗ ಕಟ್ಟಿ ಮೀಟರನ್ನು ಗುಂಡಿಗೆ ಇಳಿಬಿಟ್ಟೆ. ಅದು ಚೀರಲಿಲ್ಲ. ‘ಗಾಳಿಯನ್ನು ಪರೀಕ್ಷಿಸಲಾಗಿದೆ’ ಎಂಬ ಸಾಲಿನ ಕೆಳಗೆ, ಇಳಿಯುವ ಪರವಾನಗಿಯ ಮೇಲೆ, ರುಜು ಹಾಕಿದೆ.

ಹಿರಿಯವನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಏಣಿಯ ಮೂರನೆಯ ಮೆಟ್ಟಿಲಿನ ಮೇಲಿದ್ದ. ಅದರ ಹಗ್ಗವನ್ನು ಮೇಲೆ ಅವನ ತಮ್ಮ ಹಿಡಿದಿದ್ದ. ಆಗ ಚಾಕಣದಿಂದ ಮರಳಿದ ಸಾಹೇಬರ ಸ್ಕೂಟರಿನ ಸದ್ದು ಕೇಳಿತು.

“ಏ, ಮ್ಯಾಲೆ ಬಾರೋ! ಮೊದಲ ಮ್ಯಾಲೆ ಬಾ!”

“ರಾಯರು ನೋಡ್ಯಾರ್ರಿ ಸಾಹೇಬ್ರ, ಎಲ್ಲಾ ಛಲೋ ಅದ ಅಂದಾರ. ನಾತನೂ ಈಗ ಬರವಲ್ದು.”

“ನಾತ ಬಂದ್ರ ಓಡಬಹುದು. ವಿಷ ಏರಿ ಮೂಗ ಸತ್ತು ನಾತ ನಿಂತ್ರ ಓಡ್ಲಿಕ್ಕೆ ಕಾಲ ಇರೂದಿಲ್ಲ ಮಗನ. ಬಾ ಮ್ಯಾಲೆ!”

ಅವನು ಹತ್ತಿ ಬಂದ. ಅವರು ನನ್ನ ಕೈಯಿಂದ ಮೀಟರನ್ನು ತೆಗೆದುಕೊಂಡು, ಚೀಲದ ಡಬ್ಬಿಯಿಂದ ಒಮ್ಮೆ ಊದಿದರು. ಮೌನ. ಮತ್ತೊಮ್ಮೆ ಊದಿದರು. ಮೌನ. ಬಿಸಿಲಿಗೆ ಹಿಡಿದು ನೋಡಿದರು. ಗಾಳಿ ಒಳಹೋಗುವ ಸಣ್ಣ ಜಾಳಿಗೆಯ ಮೇಲೆ, ಒಣಗಿ ಗಟ್ಟಿಯಾಗಿ, ನನ್ನ ಬೆರಳಿನ ಗಂಧ ಕುಳಿತಿತ್ತು. ಹಣೆಯೆಂದು ಭಾವಿಸಿ ನಾನು ಅದರ ಮೂಗನ್ನೇ ಮುಚ್ಚಿದ್ದೆ.

ಅವರು ಕತ್ತೆತ್ತಿ ನನ್ನ ಅನಾಮಿಕೆಯನ್ನು ನೋಡಿದರು. ಎಲ್ಲರಿಗೂ ಬೆನ್ನು ಮಾಡಿ ಆ ಜಾಳಿಗೆಯನ್ನು ಬಿಚ್ಚಿ, ಚೀಲದಲ್ಲಿದ್ದ ಬೇರೊಂದನ್ನು ಕೂಡಿಸಿ, ಡಬ್ಬಿಯಿಂದ ಊದಿದರು. ಚೀರಿತು. ಹಗ್ಗಕ್ಕೆ ಕಟ್ಟಿ ಗುಂಡಿಗೆ ಬಿಟ್ಟರು. ಎರಡು ಮೊಳ ಇಳಿಯುವುದರೊಳಗೆ ಅದು ಚೀರತೊಡಗಿತು; ಮೇಲೆ ತೆಗೆಯುವವರೆಗೂ ನಿಲ್ಲಲಿಲ್ಲ. ತಮ್ಮನು ಅಣ್ಣನ ಪಟ್ಟಿಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚತೊಡಗಿದ.

ಗುಂಡಿಗೆ ನೀರು ಬರುವುದೇ ಲೇಪನದ ಸಾಲಿನಿಂದ. ಅವರು ಸಾಲನ್ನೇ ನಿಲ್ಲಿಸಿದರು. ನೀರು ಅಂಚಿಗೆ ಒಂದು ಗೇಣು ಕೆಳಗೆ ನಿಂತಿತು. ನದಿಯೂ ಉಳಿಯಿತು, ಅಣ್ಣತಮ್ಮಂದಿರಿಬ್ಬರೂ ಉಳಿದರು. ಮಾಲು ಮಾತ್ರ ಅಂದು ಹೋಗಲಿಲ್ಲ.

ಮರುವಾರ ಸಭೆ ಸೇರಿತು. ರಾಯರು ಸರಿಯೆಂದ ಮೀಟರನ್ನು ನೀವು ತಪ್ಪೆಂದದ್ದು ಹೇಗೆ ಎಂದು ಮ್ಯಾನೇಜರರು ಅವರನ್ನು ಕೇಳಿದರು. “ಜಾಳಿಗೆ ಮುಚ್ಚಿತ್ತು. ಮೀಟರಿನ ಜವಾಬ್ದಾರಿ ನನ್ನದು” ಎಂದು ಅವರು ಮರಾಠಿಯಲ್ಲಿ ಶಾಂತವಾಗಿ ಹೇಳಿದರು. ಏನು ಮುಚ್ಚಿತ್ತು, ಯಾರು ಮುಚ್ಚಿದರು ಎಂದು ಹೇಳಲಿಲ್ಲ. ನಾನು ಅವರ ಎದುರಿಗೇ ಕುಳಿತಿದ್ದೆ. ಬೆರಳುಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದೆ. ಸತ್ಯದ ಮಹಿಮೆಯನ್ನು ಹೇಳುವ ಎಷ್ಟೋ ಶ್ಲೋಕಗಳು ನನಗೆ ಕಂಠಪಾಠವಾಗಿದ್ದವು... ಬಾಯಿ ತೆರೆಯಲಿಲ್ಲ.

ಮೀಟರಿನ ತಪ್ಪನ್ನೂ ಮಾಲಿನ ನಷ್ಟವನ್ನೂ ಅವರ ತಲೆಗೆ ಕಟ್ಟಿ, ದೀಪಾವಳಿಗೆ ಮುನ್ನವೇ ಕಾರ್ಖಾನೆಯವರು ಅವರಿಂದ ರಾಜೀನಾಮೆ ಬರೆಸಿಕೊಂಡರು. ಹೊರಡುವ ದಿನ ಗೇಟಿನ ಹತ್ತಿರ ಸ್ಕೂಟರು ನಿಲ್ಲಿಸಿ ನನಗಾಗಿ ಕಾದಿದ್ದರು. ಬೈಯುತ್ತಾರೆಂದು ಸಿದ್ಧನಾಗಿಯೇ ಹೋದೆ.

“ರಾಯರ, ಮುಂದಿನ ವರ್ಷ ಪೂಜಿ ಬಿಡಬ್ಯಾಡ್ರಿ ಮತ್ತ. ಬೊಟ್ಟು ಅದರ ಬೆನ್ನಿಗೆ ಇಡ್ರಿ, ಸಾಕು.”

ಮತ್ತೆ ಅವರನ್ನು ಕಾಣುವ ಯೋಗ ಬರಲಿಲ್ಲ. ಮೂರು ನಾಲ್ಕು ವರ್ಷಗಳ ಮೇಲೆ, ಊರಿನಲ್ಲಿಯೇ ತೀರಿಕೊಂಡರೆಂಬ ಸುದ್ದಿ ಯಾರಿಂದಲೋ ಬಂತು. ನಾನು ಮಾಡಬೇಕಾಗಿದ್ದ ಒಂದು ನಮಸ್ಕಾರ, ಹೇಳಬೇಕಾಗಿದ್ದ ಒಂದು ಮಾತು ಹಾಗೆಯೇ ಉಳಿದವು.

ಆ ಹಿರಿಯ ಕೆಲಸಗಾರ ಈಗಲೂ ಪ್ರತಿ ನವಮಿಗೆ ತಪ್ಪದೆ ಫೋನು ಮಾಡುತ್ತಾನೆ. ಈ ಬೆಳಿಗ್ಗೆಯೂ ಮಾಡಿದ. ವರ್ಷವರ್ಷವೂ ಹೇಳುವುದನ್ನೇ ಹೇಳಿದ: “ನೀವು ಟೊಪ್ಪಿಗಿಗೆ ಇಟ್ಟ ಬೊಟ್ಟ ರಾಯರ, ಸಾಹೇಬ್ರನ್ನ ಹೊತ್ತಿಗೆ ಸರಿ ಕರಕೊಂಡು ಬಂತು. ಇಲ್ಲಾಂದ್ರ ನಾ ಎಲ್ಲಿರತಿದ್ನಿ?” ವರ್ಷವರ್ಷವೂ ನಾನು ಅವನನ್ನು ಆಶೀರ್ವದಿಸಿ ಫೋನು ಇಡುತ್ತಿದ್ದೆ. ಇಂದು ಕೈಯಲ್ಲಿ ಗಂಧವಿತ್ತು, ಇಡಲಾಗಲಿಲ್ಲ. ಆ ದಿನ ಮೀಟರು ಏಕೆ ಚೀರಲಿಲ್ಲವೆಂಬುದನ್ನು ಹೇಳಿದೆ. ಸಾಹೇಬರು ಯಾರ ತಪ್ಪನ್ನು ಹೊತ್ತು ಹೋದರೆಂಬುದನ್ನೂ ಹೇಳಿದೆ.

ಆಮೇಲೆ ಅವನು ನನ್ನನ್ನು ಒಂದೇ ಮಾತು ಕೇಳಿದ.

“ಸಾಹೇಬ್ರ ನಂಬರ್ ಅದ ಏನ್ರಿ ನಿಮ್ಮ ಹತ್ತರ?”

ಇಲ್ಲಪ್ಪಾ, ಅವರು ಹೋಗಿಬಿಟ್ಟರು ಎಂದೆ. ಅನಾಮಿಕೆಯ ಮೇಲಿನ ಗಂಧ ಅಷ್ಟರಲ್ಲಿ ಒಣಗಿತ್ತು.