ಪೂಜೆಗಿಟ್ಟ ಲ್ಯಾಪ್‌ಟಾಪ್

ಅನುಮಾನ ಪಡುವುದಕ್ಕೇ ನನಗೆ ಸಂಬಳ. ವಿಮಾ ಕಚೇರಿಯಲ್ಲಿ ನಷ್ಟದ ತನಿಖೆ ಮಾಡುವವನು ನಾನು. ಸುಟ್ಟ ಗೋದಾಮಿನ ಮುಂದೆ ನಿಂತು ಬೆಂಕಿ ಹೇಗೆ ಬಂತು ಎಂದು ಕೇಳುವ ಮೊದಲು ಯಾರು ಹಚ್ಚಿದರು ಎಂದು ಯೋಚಿಸುವ ಜಾತಿ. ಚೆನ್ನೈಯ ಪ್ಯಾರೀಸ್ ಕಾರ್ನರ್‌ನ ಸಗಟು ಅಂಗಡಿಯವರು ನನ್ನನ್ನು ಕಂಡರೆ ಕಾಫಿ ತರಿಸುತ್ತಿದ್ದರು. ಆ ಕಾಫಿಯನ್ನೂ ನಾನು ಅನುಮಾನದಿಂದಲೇ ನೋಡುತ್ತಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನನ್ನ ಪಾಲಿಗೆ ಗಾದೆಯಲ್ಲ, ಹೊಟ್ಟೆಪಾಡು. ಈ ಬುದ್ಧಿಯನ್ನು ಸಂಜೆ ಕಚೇರಿಯಲ್ಲೇ ಬಿಟ್ಟು ಬರಬೇಕಿತ್ತು. ಬಿಡಲಿಲ್ಲ.

ನಾವಿದ್ದ ವೇಲಚೇರಿಗೆ ಮೇಲ್ಸೇತುವೆಯ ರೈಲು ಬಂದು ಒಂದೆರಡು ವರ್ಷವಾಗಿತ್ತು. ನಮ್ಮ ಮನೆಯ ಬಾಲ್ಕನಿಯಿಂದ ಅದು ಹೋಗಿ ಬರುವುದು ಕಾಣುತ್ತಿತ್ತು. ಆಟಕ್ಕೆಂದೇ ಮಾಡಿದ ದಪ್ಪನೆಯ ಒಂದು ಲ್ಯಾಪ್‌ಟಾಪು ನನ್ನ ಹತ್ತಿರ ಇತ್ತು. ಎತ್ತಿದರೆ ರುಬ್ಬುಗುಂಡಿನ ಭಾರ. ಅದರಲ್ಲಿ ನಾನು ಆಡುತ್ತಿದ್ದದ್ದು ಕೋವಿ ಹಿಡಿದು ಗೋಡೆ ಹಾರುವ ಆಟ. ಆಗ ನನಗೆ ಮೂವತ್ತಾರು ವರ್ಷ, ನಗುವವರು ನಗಲಿ.

ಆ ಬೇಸಿಗೆಯಲ್ಲಿ ಅಪ್ಪ ನಮ್ಮಲ್ಲಿಗೆ ಬಂದರು. ಮೈಸೂರು ಕಡೆ ರೈಲ್ವೆಯಲ್ಲಿ ಎಂಜಿನ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಲಕ್ವ ಹೊಡೆದು ಬಲಗೈಯ ಬೆರಳುಗಳು ಮಡಚಿಕೊಂಡಿದ್ದವು. ಕೈಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದಾಕೆ ಖಡಾಖಂಡಿತವಾಗಿ ಹೇಳಿದ್ದಳು: ಬೆರಳುಗಳಿಗೆ ದಿನಾ ಕೆಲಸ ಕೊಡಬೇಕು, ಮೊದಲ ಕೆಲವು ತಿಂಗಳು ತಪ್ಪಿಸಿಕೊಂಡರೆ ಆಮೇಲೆ ಅವು ಹಾಗೇ ನಿಂತುಬಿಡುತ್ತವೆ. ಅವಳು ಕೊಟ್ಟ ರಬ್ಬರ್ ಚೆಂಡನ್ನು ಅಪ್ಪ ಮಂಚದ ಕೆಳಗೆ ಉರುಳಿಸಿಬಿಟ್ಟರು. ನಾನೇನು ಕೂಸೇ ಎಂದು ಕೇಳಿದರು.

ಆಗ ನನಗೊಂದು ಉಪಾಯ ಹೊಳೆಯಿತು. ರೈಲು ಓಡಿಸುವ ಆಟವೊಂದನ್ನು ತಂದು ಲ್ಯಾಪ್‌ಟಾಪಿಗೆ ಹಾಕಿದೆ. ಒಂದು ಕೀಲಿಗೆ ವೇಗ, ಒಂದಕ್ಕೆ ಬ್ರೇಕು, ಇನ್ನೊಂದಕ್ಕೆ ಸಿಳ್ಳೆ. ಮೊದಲ ದಿನ ಅಪ್ಪ ಹಳಿ ಹಾಕಿದ ರೀತಿ ಸರಿಯಿಲ್ಲ ಎಂದು ಬೈದರು. ಎರಡನೆಯ ದಿನ ತಾವೇ ಕರೆದು ಹಚ್ಚಿಕೊಡು ಎಂದರು. ಆಮೇಲೆ ನಾನು ಕಚೇರಿಯಲ್ಲಿದ್ದಾಗೆಲ್ಲ ಅವರದೇ ರೈಲು. ತೋರುಬೆರಳು ಬಿಚ್ಚಿತು, ನಂತರ ನಡುಬೆರಳು. ನವರಾತ್ರಿಯ ಹೊತ್ತಿಗೆ ಅಂಗಿಯ ಎರಡು ಗುಂಡಿಗಳನ್ನು ತಾವೇ ಹಾಕಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಇದನ್ನು ಎಲ್ಲರಿಗೂ ಫೋನು ಮಾಡಿ ಹೇಳಿದಳು.

ವಿಜಯದಶಮಿ ಕಳೆದು ಒಂದು ವಾರಕ್ಕೆ ಪರದೆಯ ಮೇಲೆ ಗೆರೆಗಳು ಬಂದವು. ಮೊದಲು ಆಟದೊಳಗೆ ಮಾತ್ರ, ಆಕಾಶದ ತುಂಬ ಹಸಿರು ಚೌಕಗಳು. ಎರಡು ದಿನದಲ್ಲಿ ಉದ್ದುದ್ದ ಕೆಂಪು ಪಟ್ಟೆ. ಆಮೇಲೆ ಯಂತ್ರ ಹಚ್ಚಿದ ಕೂಡಲೇ, ಕಂಪನಿಯ ಮುದ್ರೆ ಬರುವ ಹೊತ್ತಿಗೇ ಪಟ್ಟೆ. ನಾನು ತನಿಖೆಗೆ ಇಳಿದೆ. ಫುಟ್‌ಪಾತಿನಲ್ಲಿ ಕೊಂಡ ಸಿ.ಡಿ.ಯಿಂದ ವೈರಸ್ ಹುಳ ಬಂದಿರಬೇಕೆಂದು ಎಲ್ಲ ಅಳಿಸಿ, ಚಿತ್ರ ತೋರಿಸುವ ತಂತ್ರಾಂಶವನ್ನು ಹೊಸದಾಗಿ ಹಾಕಿದೆ. ಪಟ್ಟೆ ಹೋಗಲಿಲ್ಲ. ಕಚೇರಿಯಿಂದ ಹಳೆಯ ಮಾನಿಟರ್ ಹೊತ್ತು ತಂದು ಸಿಕ್ಕಿಸಿದೆ. ಅದರಲ್ಲೂ ಅದೇ ಪಟ್ಟೆ. ಹಾಗಾದರೆ ತಪ್ಪು ಪರದೆಯದಲ್ಲ, ತಂತ್ರಾಂಶದ್ದೂ ಅಲ್ಲ. ಒಳಗೆ ಚಿತ್ರ ಹುಟ್ಟಿಸುವ ಚಿಪ್ಪಿನದೇ. ಇಷ್ಟನ್ನು ಸರಿಯಾಗಿಯೇ ಕಂಡುಹಿಡಿದೆ. ಆದರೆ ಚಿಪ್ಪು ತಾನಾಗಿ ಕೆಡುವುದಿಲ್ಲ, ಯಾರೋ ಕೆಡಿಸಿದ್ದಾರೆ ಎಂದಿತು ನನ್ನ ಬುದ್ಧಿ.

ಆ ಯಾರೋ ಅಪ್ಪನೇ ಎಂದು ತೀರ್ಮಾನಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಗಲೆಲ್ಲ ಮದರಾಸಿನ ಸೆಕೆಯಲ್ಲಿ ಓಡಿಸಿದವರು ಇನ್ಯಾರು? ಆ ಭಾನುವಾರ ಡೈರಿ ತೆಗೆದುಕೊಂಡು ಅವರ ಎದುರು ಕುರ್ಚಿ ಎಳೆದು ಕೂತೆ. ಎಷ್ಟು ಹೊತ್ತಿಗೆ ಹಚ್ಚುತ್ತಿದ್ದಿರಿ, ಎಷ್ಟು ಹೊತ್ತಿಗೆ ಆರಿಸುತ್ತಿದ್ದಿರಿ, ಊಟಕ್ಕೆ ಎದ್ದಾಗ ನಿಲ್ಲಿಸುತ್ತಿದ್ದಿರೋ ಇಲ್ಲವೋ, ಹತ್ತಿರ ಕಾಫಿ ಲೋಟ ಇಟ್ಟುಕೊಂಡಿದ್ದಿರೋ ಎಂದು ಒಂದೊಂದೇ ಕೇಳಿ ಬರೆದುಕೊಂಡೆ. ಅಪ್ಪ ಎಲ್ಲಕ್ಕೂ ನೇರವಾಗಿ ಉತ್ತರ ಕೊಟ್ಟರು. ನಡುವೆ ಹಬ್ಬದ ದಿನ ಅದರಿಂದ ಒಂದು ಥರದ ಸದ್ದು ಬರುತ್ತಿತ್ತು ಎಂದು ಶುರು ಮಾಡಿದರು. ಹಬ್ಬದ ಕಥೆ ಈಗ ಬೇಡ, ಕೇಳಿದ್ದಕ್ಕೆ ಮಾತ್ರ ಹೇಳಿ ಎಂದೆ. ಆ ಸಾಲನ್ನು ಬರೆಯಲಿಲ್ಲ.

ಅಡುಗೆಮನೆಯಿಂದ ಹೆಂಡತಿ ಬಂದಳು. ಮೂರು ತಲೆಮಾರಿನಿಂದ ಚೆನ್ನೈಯಲ್ಲೇ ಇರುವ ಮನೆತನದವಳು, ಅವಳ ಕನ್ನಡದಲ್ಲಿ ಅರ್ಧ ತಮಿಳು. "ಮಾವನ ಹತ್ರ ವಿಚಾರಣೈ ಎಲ್ಲ ಎದಕ್ಕ್ರೀ? ಒಂದು ಮಿಷಿನ್ ತಾನೇ, ಹೋದ್ರೆ ಹೋಗ್ಲಿ ವಿಡಿ," ಎಂದಳು. ನಾನು ಕೇಳಲಿಲ್ಲ. ಕೋಪ ಮೂಗಿನ ತುದಿಗೆ ಬಂದಿತ್ತು. ದಿನಾ ಬೆಳಗಿನಿಂದ ಸಂಜೆಯವರೆಗೆ ಓಡಿಸಿದರೆ ಯಾವ ಯಂತ್ರ ಉಳಿಯುತ್ತದೆ, ನೀವು ರೈಲು ಓಡಿಸಿ ಓಡಿಸಿಯೇ ಇದು ಹಾಳಾಗಿದ್ದು ಎಂದು ಅಂದೇಬಿಟ್ಟೆ.

ಅಪ್ಪ ಸ್ವಲ್ಪ ಹೊತ್ತು ಡೈರಿಯನ್ನೇ ನೋಡಿದರು. ರೈಲ್ವೆಯಲ್ಲಿ ಏನಾದರೂ ಅವಘಡವಾದರೆ ಡ್ರೈವರನನ್ನು ಕೂರಿಸಿ ಹೇಳಿಕೆ ಬರೆಸಿಕೊಂಡು ಕೆಳಗೆ ಸಹಿ ಹಾಕಿಸುತ್ತಿದ್ದರಂತೆ. ಅವರಿಗೆ ಅದೇ ನೆನಪಾಗಿರಬೇಕು.

"ಸಹಿ ಹಾಕ್ಲೇನಪ್ಪ?" ಎಂದರು.

ಬೇಡ ಎನ್ನಲು ನನಗೆ ಬಾಯಿತ್ತು. ಎನ್ನಲಿಲ್ಲ. ಅಪ್ಪ ಬಲಗೈಯಲ್ಲೇ ಪೆನ್ನು ಹಿಡಿದು, ಎಡಗೈಯಿಂದ ಮಣಿಕಟ್ಟನ್ನು ಒತ್ತಿಕೊಂಡು, ಪುಟದ ಕೆಳಗೆ ಸೊಟ್ಟಪಟ್ಟ ಸಹಿ ಹಾಕಿದರು. ಕೊನೆಯ ಅಕ್ಷರಕ್ಕೆ ಪೆನ್ನು ಜಾರಿ ನೆಲಕ್ಕೆ ಬಿತ್ತು. ಅಂದಿನಿಂದ ಅವರು ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡು ಬಾಲ್ಕನಿಯಲ್ಲಿ ಕೂತರು. ರಬ್ಬರ್ ಚೆಂಡೂ ಬೇಡ, ಏನೂ ಬೇಡ. ಹತ್ತು ದಿನದಲ್ಲಿ ಅಂಗಿಯ ಗುಂಡಿಗಳನ್ನು ಮತ್ತೆ ನನ್ನ ಹೆಂಡತಿಯೇ ಹಾಕಬೇಕಾಯಿತು. ಮಡಚಿಕೊಳ್ಳುತ್ತಿದ್ದ ಆ ಬೆರಳುಗಳನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೇಗಾದರೂ ಲ್ಯಾಪ್‌ಟಾಪು ಎದ್ದರೆ ಅಪ್ಪನೂ ಏಳುತ್ತಾರೆ ಎಂದು ಅದನ್ನು ಹೊತ್ತುಕೊಂಡು ಹೊರಟೆ.

ಪ್ಯಾರೀಸ್ ಕಾರ್ನರ್‌ನ ಒಂದು ಓಣಿಯ ಮಹಡಿಯ ಮೇಲೆ ಚಿಪ್ಪು ರಿಪೇರಿ ಮಾಡುವವನೊಬ್ಬನಿದ್ದ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಹಣೆಗೆ ಕಟ್ಟುವ ದೀಪ, ಮಾತು ಕಮ್ಮಿ. ಇಂಥವರು ಒಳ್ಳೆಯ ಭಾಗಗಳನ್ನು ಕದ್ದು ಹಳೆಯವನ್ನು ತುಂಬಿ ಕಳಿಸುತ್ತಾರೆ ಎಂದು ಕಚೇರಿಯಲ್ಲಿ ಎಲ್ಲರೂ ಹೇಳಿದ್ದರು. ನಾನು ಸಿದ್ಧನಾಗಿಯೇ ಹೋಗಿದ್ದೆ. ಹೆಂಡತಿಯ ಉಗುರು ಬಣ್ಣದ ಸೀಸೆ ಜೇಬಿನಲ್ಲಿತ್ತು. ಅವನು ಒಂದೊಂದು ಭಾಗ ಬಿಚ್ಚಿದ ಹಾಗೆಲ್ಲ ನಾನು ಅದಕ್ಕೊಂದು ಕೆಂಪು ಚುಕ್ಕಿ ಇಟ್ಟು ಡೈರಿಯಲ್ಲಿ ಗುರುತು ಮಾಡಿಕೊಂಡೆ. ಚಹಾ ತರಿಸಲೇ ಎಂದ. ಕಣ್ಣು ತಪ್ಪಿಸುವ ಹುನ್ನಾರ ಎಂದುಕೊಂಡು ಬೇಡ ಎಂದೆ. ಅವನು ನನ್ನನ್ನೊಮ್ಮೆ ನೋಡಿ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಟ್ಟ.

ಅಡಿಭಾಗ ಬಿಚ್ಚಿದವನು ಗಾಳಿ ತಳ್ಳುವ ಪುಟ್ಟ ಫ್ಯಾನನ್ನು ಬೆರಳಿನಿಂದ ತಿರುಗಿಸಿದ. ಅರ್ಧ ಸುತ್ತು ತಿರುಗಿ ಕಟ್ ಎಂದು ನಿಂತಿತು. ಚಿಮುಟದಿಂದ ಒಳಗೆ ಕೆದಕಿ ಏನನ್ನೋ ಎಳೆದು ಬಿಳಿ ಕಾಗದದ ಮೇಲೆ ಇಟ್ಟ. ಇನ್ನೊಂದು ಎಳೆದ. ಹೀಗೆ ಏಳೆಂಟು. ದೀಪವನ್ನು ಅವುಗಳ ಮೇಲೆ ಬಿಟ್ಟು ಬಗ್ಗಿ ನೋಡಿದ.

"ಎನ್ನ ಸಾರ್ ಇದು, ಅರಿಸಿಯಾ?" ಎಂದ.

ಹೌದು, ಅಕ್ಕಿ. ಅರಿಶಿನ ಹಚ್ಚಿದ ಅಕ್ಷತೆ, ಕೆಲವು ಕಾಳು ಕಂದಿ ಕಪ್ಪಾಗಿದ್ದವು. ಅವನು ಯಂತ್ರವನ್ನು ಮಗುಚಿ ತೋರಿಸಿದ: ಅಡಿಯ ರಬ್ಬರ್ ಪಾದಗಳು ಮೆತ್ತಗಾಗಿ, ಅವಕ್ಕೆ ಜರಿಯ ಎಳೆಗಳು ಅಂಟಿಕೊಂಡಿದ್ದವು. ಇದನ್ನು ಬಟ್ಟೆ ಸುತ್ತಿ ಮುಚ್ಚಿ ತುಂಬ ಹೊತ್ತು ಓಡಿಸಿದ್ದಾರೆ, ಆ ಕಾವಿಗೆ ಚಿಪ್ಪಿನ ಅಡಿಯ ಬೆಸುಗೆ ಬಿಟ್ಟುಕೊಂಡಿದೆ ಎಂದು ವಿವರಿಸಿದ. ತೆರೆದಿಟ್ಟು ಆಡಿದ್ದರಿಂದ ಹೀಗಾಗುವುದಿಲ್ಲ ಎಂದೂ ಹೇಳಿದ. ಆ ಮಾತನ್ನು ನಾನು ಕೇಳಿರಲಿಲ್ಲ; ತಾನಾಗಿ ಹೇಳಿದ.

ಆಯುಧಪೂಜೆಯ ದಿನ ಪುಸ್ತಕ, ಕತ್ತರಿ, ಸ್ಪ್ಯಾನರ್‌ಗಳ ಜೊತೆ ಲ್ಯಾಪ್‌ಟಾಪನ್ನು ಮಣೆಯ ಮೇಲೆ ಇಟ್ಟವನು ನಾನು. ಚೌಕಟ್ಟಿಗೆ ಕುಂಕುಮ ಹಚ್ಚಿ, ಕೀಲಿಮಣೆಯ ಮೇಲ್ಗಡೆ ಗಾಳಿಗೆಂದು ಬಿಟ್ಟ ಸೀಳುಗಳ ಮೇಲೆಯೇ ಭಕ್ತಿಯಿಂದ ಮುಷ್ಟಿ ತುಂಬ ಅಕ್ಷತೆ ಸುರಿದವನೂ ನಾನು. ಆ ದಿನ ಒಂದು ದೊಡ್ಡ ಆಟದ ಫೈಲು ಇಳಿಯುತ್ತಿತ್ತು. ನಿಲ್ಲಿಸಿದರೆ ಮೊದಲಿನಿಂದ ಇಳಿಸಬೇಕು. ಪೂಜೆಯೂ ಆಗಲಿ, ಫೈಲೂ ಬರಲಿ ಎಂದು ವೈರನ್ನು ಹಾಗೇ ಬಿಟ್ಟು, ಮುಚ್ಚಿದರೂ ನಿಲ್ಲದಂತೆ ಮಾಡಿ, ಜರಿ ಶಲ್ಯವನ್ನು ಅಡಿಯಿಂದ ಸುತ್ತಿ ಹೊದಿಸಿದ್ದೆ. ನಮ್ಮ ಮನೆಯಲ್ಲಿ ಪೂಜೆಗಿಟ್ಟದ್ದನ್ನು ವಿಜಯದಶಮಿಯ ಬೆಳಗಿನವರೆಗೆ ಯಾರೂ ಮುಟ್ಟುವುದಿಲ್ಲ. ಅಪ್ಪ ಕಲಿಸಿದ್ದು ಅದು.

ಅಂದು ಸಂಜೆ ಅಪ್ಪ ಆ ಮಣೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಳಗೆ ಏನೋ ಸಿಕ್ಕಿಕೊಂಡು ತಿರುಗುತ್ತಿದೆ ಕಣಪ್ಪ, ಬೇರಿಂಗ್ ಹೋದ ಸದ್ದು, ತೆಗೆದು ನೋಡು ಎಂದಿದ್ದರು. ಮೂವತ್ತು ವರ್ಷ ಎಂಜಿನ್ನಿನ ಸದ್ದು ಕೇಳಿದ ಕಿವಿ. ಪೂಜೆಗಿಟ್ಟದ್ದನ್ನು ಮುಟ್ಟಬಾರದು ಅಂತ ಹೇಳಿಕೊಟ್ಟವರು ನೀವೇ ಅಲ್ಲವೇ ಎಂದು ನಾನು ನಕ್ಕಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಬರೆ ಹಾಕಿದ್ದಷ್ಟೇ ಅಲ್ಲ, ಎಮ್ಮೆಯ ಕೈಯಲ್ಲಿ ಸಹಿಯನ್ನೂ ಹಾಕಿಸಿಕೊಂಡಿದ್ದೆ. ಕೆಂಪು ಚುಕ್ಕಿಗಳ ಲೆಕ್ಕವಿದ್ದ ಡೈರಿಯ ಹಿಂದಿನ ಪುಟದಲ್ಲೇ ಅದು ಇತ್ತು. ನಾಚಿಕೆಯಿಂದ ಸಾಯುವ ಹಾಗಾಯಿತು.

ರಿಪೇರಿಯವನು ಬಿಸಿಗಾಳಿ ಬಿಟ್ಟು ಚಿಪ್ಪನ್ನು ಎಬ್ಬಿಸಿ, ಅಡಿಯಲ್ಲಿ ಸಾಸಿವೆಗಿಂತ ಸಣ್ಣ ತವರದ ಗುಂಡುಗಳನ್ನು ಹೊಸದಾಗಿ ಕೂರಿಸಿ, ಮತ್ತೆ ಇಳಿಸಿದ. ನಾನು ನೋಡಲಿಲ್ಲ. ಕೆಳಗೆ ಹೋಗಿ ಚಹಾ ಕುಡಿದು, ಅವನಿಗೂ ಒಂದು ಲೋಟ ತಂದೆ. ಸಂಜೆ ಹಚ್ಚಿದಾಗ ಪರದೆ ಶುದ್ಧವಾಗಿತ್ತು. ಎಷ್ಟು ದಿನ ಬಾಳುತ್ತದೋ ಹೇಳಲಾರೆ ಎಂದ. ಅಕ್ಕಿ ಕಾಳುಗಳನ್ನು ಕಾಗದದಲ್ಲಿ ಮಡಚಿ ಕೊಟ್ಟ.

ಮನೆಗೆ ಬರುವ ದಾರಿಯಲ್ಲಿ ಒಂದು ಸುಳ್ಳು ಹೊಳೆಯದೆ ಇರಲಿಲ್ಲ. ಕಂಪನಿಯ ಚಿಪ್ಪೇ ಸರಿಯಿರಲಿಲ್ಲವಂತೆ ಎಂದರೆ ಮುಗಿಯುತ್ತಿತ್ತು, ಯಾರಿಗೂ ನೋವಿಲ್ಲ. ಆದರೆ ಇಂಥ ಹೇಳಿಕೆಯನ್ನು ಬೇರೆ ಯಾರು ಕೊಟ್ಟಿದ್ದರೂ ನಾನು ನಂಬುತ್ತಿರಲಿಲ್ಲ. ಬಾಲ್ಕನಿಗೆ ಹೋಗಿ ಅಪ್ಪನ ಮುಂದೆ ಕಾಗದ ಬಿಚ್ಚಿ ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದೆ. ಡೈರಿಯ ಆ ಹಾಳೆಯನ್ನು ಅವರ ಎದುರಿಗೇ ಹರಿದೆ. ಅಪ್ಪ ಎಡಗೈಯಿಂದ ಒಂದು ಕಾಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಸದ್ದು ಬಂದಿತ್ತಪ್ಪ," ಎಂದರು. ಅಷ್ಟೇ.

ಮಾರನೆಯ ದಿನ ಹನ್ನೊಂದು ಗಂಟೆಗೆ ಕಚೇರಿಗೆ ಫೋನು ಬಂತು. ಅಪ್ಪ.

"ಮುಟ್ಟಲೇನಪ್ಪ?"

ಏನನ್ನು ಎಂದು ತಿಳಿಯಲು ನನಗೆ ಕ್ಷಣ ಹಿಡಿಯಿತು. ಅಪ್ಪ, ಆ ಲ್ಯಾಪ್‌ಟಾಪು ನಿಮ್ಮದೇ, ಕೇಳಬೇಡಿ ಎಂದೆ. ಇರಲಿ ಇರಲಿ, ಸಿಗ್ನಲ್ ಇಲ್ಲದೆ ನಾನು ಯಾವತ್ತೂ ಗಾಡಿ ಬಿಟ್ಟವನಲ್ಲ ಎಂದರು. ಮರುದಿನವೂ ಹನ್ನೊಂದಕ್ಕೆ ಫೋನು. ಅದರ ಮರುದಿನವೂ. ಸಂಕ್ರಾಂತಿಯ ಹೊತ್ತಿಗೆ ಅಂಗಿಯ ಅಷ್ಟೂ ಗುಂಡಿಗಳನ್ನು ಅಪ್ಪ ತಾವೇ ಹಾಕಿಕೊಂಡರು, ಎಳ್ಳುಬೆಲ್ಲವನ್ನು ಬಲಗೈಯಲ್ಲೇ ಕೊಟ್ಟರು. ಫೋನು ಮಾತ್ರ ನಿಲ್ಲಲಿಲ್ಲ. ಅವರು ಇರುವವರೆಗೂ ನಿಲ್ಲಲಿಲ್ಲ.

ಅದು ತಮಾಷೆಗೋ, ನನ್ನನ್ನು ಚುಚ್ಚುವುದಕ್ಕೋ ಎಂದು ಆ ದನಿಯನ್ನು ನಾನು ಎಷ್ಟು ಸಲ ಪರೀಕ್ಷಿಸಿದೆನೋ. ಇಷ್ಟು ವರ್ಷದ ತನಿಖೆಯ ಅನುಭವದಲ್ಲಿ ಅದೊಂದು ಮಾತ್ರ ಬಗೆಹರಿಯಲಿಲ್ಲ. ಪ್ರತಿ ದಿನ ಹನ್ನೊಂದು ಗಂಟೆಗೆ, ಎದುರಿಗೆ ಯಾರೇ ಕೂತಿರಲಿ, ಮುಟ್ಟಿ ಅಪ್ಪ ಎಂದು ಹೇಳಿ ಫೋನು ಇಡುತ್ತಿದ್ದೆ.